ಕಾರಿಗೂ ಒಂದು ಹೊಸ್ತಿಲಿದೆ

ಹೊಸ್ತಿಲಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಮರ್ಯಾದೆಯನ್ನು ನಾವೆಲ್ಲರೂ ಬಲ್ಲೆವು. ಹೊಸ್ತಿಲ ಮೇಲೆ ನಿಲ್ಲಬೇಡ, ಹೊಸ್ತಿಲ ಮೇಲೆ ಕೂರಬೇಡ ಎಂದು ಗದರದ ಅಜ್ಜಿ ಯಾವ ಮನೆಯಲ್ಲಿದ್ದಳು? ಗೋಡೆಗೆ ಸುಣ್ಣ ಹೊಡೆಯುವುದು ಒಂದು ವರ್ಷ ತಪ್ಪಿದರೂ ಹೊಸ್ತಿಲು ಒರೆಸುವುದು ಒಂದು ದಿನವೂ ತಪ್ಪುತ್ತಿರಲಿಲ್ಲ. ನೆಲಕ್ಕೆ ತಾಗಿರುವ ಮರವನ್ನೇ ಗೆದ್ದಲು ಮೊದಲು ಹಿಡಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿರುತ್ತದೆ. ಕೆಲವರದು ಹೊಸದು, ಬಹಳ ಮಂದಿಯದು ಇನ್ನೊಬ್ಬರು ಓಡಿಸಿ ಮಾರಿದ್ದು. ಸಾಲ ಮಾಡಿಯೋ, ಹಾಲಿನ ದುಡ್ಡು ಕೂಡಿಟ್ಟೋ ತಂದ ಗಾಡಿ. ಆ ಕಾರಿಗೂ ಒಂದು ಹೊಸ್ತಿಲಿದೆ. ಬಾಗಿಲು ತೆರೆದು ಕಾಲು ಒಳಗಿಡುವಾಗ ನಾವು ದಾಟುವ, ಮುಂದಿನ ಚಕ್ರದ ಹಿಂದಿನಿಂದ ಹಿಂದಿನ ಚಕ್ರದ ಮುಂದಿನವರೆಗೆ ಎರಡೂ ಪಕ್ಕದಲ್ಲಿ ಉದ್ದಕ್ಕೆ ಸಾಗುವ ಪಟ್ಟಿಯೇ ಅದು. ಕಂಪನಿಯವರು ಅದನ್ನು ಸಿಲ್ ಎನ್ನುತ್ತಾರೆ. ಗ್ಯಾರೇಜಿನಲ್ಲಿ ಹಲವರು ರನ್ನಿಂಗ್ ಬೋರ್ಡ್ ಎಂದೇ ಕರೆಯುವುದುಂಟು. ಕಾರನ್ನು ವಾರಕ್ಕೊಮ್ಮೆ ತೊಳೆದು, ಗಾಜು ಒರೆಸಿ, ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ನಾವು ಈ ಹೊಸ್ತಿಲ ಅಡಿಗೆ ಒಮ್ಮೆಯಾದರೂ ಬಗ್ಗಿ ನೋಡಿದ್ದೇವೆಯೇ?

ಪೊಳ್ಳು ಪೆಟ್ಟಿಗೆಯ ಬಲ

ಹೊರಗಿನಿಂದ ನೋಡಿದರೆ ಅದು ಬರಿಯ ತಗಡಿನ ಪಟ್ಟಿ. ಒಳಗೆ ಅದು ಪೊಳ್ಳು ಪೆಟ್ಟಿಗೆ. ಒಂದು ಮಿಲಿಮೀಟರಿನ ಆಸುಪಾಸಿನ ಎರಡು ಮೂರು ಉಕ್ಕಿನ ತಗಡುಗಳನ್ನು ಮಡಿಚಿ, ಅಂಚಿಗೆ ಅಂಚು ಸೇರಿಸಿ, ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿರುತ್ತಾರೆ. ಜೀಪು, ಬೊಲೆರೊ ಮಾದರಿಯ ಗಾಡಿಗಳಿಗೆ ಅಡಿಯಲ್ಲಿ ಪ್ರತ್ಯೇಕವಾದ ದಪ್ಪ ಚಾಸಿ ಇರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಿಂದ ಹಿಡಿದು ಇಂದಿನ ಸಣ್ಣ ಕಾರುಗಳವರೆಗೆ ಅಂಥ ಚಾಸಿ ಇಲ್ಲ. ಅವುಗಳಲ್ಲಿ ಮೈಯೇ ಬೆನ್ನೆಲುಬು. ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ನಡುವಿನ ಭಾರವನ್ನು ಹೊರುವುದರಲ್ಲಿ ಈ ಎರಡು ಹೊಸ್ತಿಲುಗಳ ಪಾಲು ದೊಡ್ಡದು. ಪಕ್ಕದಿಂದ ಯಾವುದಾದರೂ ವಾಹನ ಬಂದು ಗುದ್ದಿದರೆ ಒಳಗೆ ಕುಳಿತವರಿಗೂ ಆ ಗುದ್ದಿಗೂ ನಡುವೆ ನಿಲ್ಲುವುದು ಬಾಗಿಲು, ನಡುಗಂಬ ಮತ್ತು ಈ ಹೊಸ್ತಿಲು. ಸೀಟ್ ಬೆಲ್ಟಿನ ಕೆಳತುದಿಯನ್ನು ಬಿಗಿದಿರುವುದೂ ಅನೇಕ ಕಾರುಗಳಲ್ಲಿ ಇದರ ಹತ್ತಿರವೇ.

ಹಾಗಾಗಿ ಬಾನೆಟ್ಟಿನ ಮೇಲೆ ತುಕ್ಕು ಹಿಡಿದರೆ ಅಂದ ಕೆಡುತ್ತದೆ, ಹೊಸ್ತಿಲಿಗೆ ತುಕ್ಕು ಹಿಡಿದರೆ ಜೀವಕ್ಕೆ ಕುತ್ತು. ಈ ವ್ಯತ್ಯಾಸವನ್ನು ನಮ್ಮ ಕುಟುಂಬಗಳು ತಿಳಿದಿರಬೇಕು.

ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯವರೇ ಸಣ್ಣ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಕಾರಿನ ಮೈಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಎತ್ತುವಾಗ ಬಣ್ಣ ಒಳಗೆ ಹೋಗಲು, ಹೆಚ್ಚಾದದ್ದು ಸುರಿದು ಹೋಗಲು ಇಂಥ ಕಿಂಡಿಗಳೇ ದಾರಿ. ಮುಂದೆ ಗಾಡಿಯ ಆಯುಷ್ಯವಿಡೀ ನೀರು ಹೊರಗೆ ಹೋಗುವುದೂ ಅಲ್ಲಿಂದಲೇ. ನೀರು ಒಳಗೆ ಬಾರದಂತೆ ಯಾವ ಕಾರನ್ನೂ ಮಾಡಿಲ್ಲ. ಬಂದ ನೀರು ಹೊರಗೆ ಹೋಗುವಂತೆ ಮಾಡಿದ್ದಾರೆ. ಮುಂದಿನ ಗಾಜಿನ ಬುಡದಿಂದ, ಚಕ್ರ ಎರಚುವ ಕೆಸರಿನಿಂದ, ಒದ್ದೆ ಚಪ್ಪಲಿಯಿಂದ, ರಾತ್ರಿಯ ತಂಪಿಗೆ ತಗಡಿನ ಒಳಮೈಯಲ್ಲಿ ಕೂರುವ ಇಬ್ಬನಿಯಿಂದ ತೇವ ಬಂದೇ ಬರುತ್ತದೆ. ಅದು ಹೋಗುವ ದಾರಿ ಮುಚ್ಚಿದಾಗ ತೊಂದರೆ ಶುರುವಾಗುತ್ತದೆ.

ಬರದ ನಾಡಿನಲ್ಲಿ ತುಕ್ಕು ಎಲ್ಲಿಂದ?

ಮಂಗಳೂರು, ಉಡುಪಿ, ಕಾಸರಗೋಡಿನ ಓದುಗರಿಗೆ ಈ ಮಾತು ಹೊಸದೇನಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ, ಗಾಳಿಯಲ್ಲೇ ಉಪ್ಪಿರುವ ಊರುಗಳು ಅವು. ಆದರೆ ನಾವು ಹೇಳಹೊರಟಿರುವುದು ತಿಕೋಂಡಿಯ ಮಾತು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕಿನ ಗಡಿಹಳ್ಳಿ ಅದು. ಆಡಳಿತ ಮರಾಠಿಯದು, ಮನೆಮಾತು ಕನ್ನಡ. ವರ್ಷದ ಮಳೆ ಐದಾರು ನೂರು ಮಿಲಿಮೀಟರಾದರೆ ಪುಣ್ಯ. 2022ರ ಕೊನೆಯಲ್ಲಿ ಜತ್ತ ತಾಲ್ಲೂಕಿನ ಗಡಿಹಳ್ಳಿಗಳ ನೀರಿನ ಪ್ರಶ್ನೆ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿದ್ದನ್ನೂ, ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ಆ ಕಡೆಗೆ ಹರಿದದ್ದನ್ನೂ ನೀವು ಓದಿರಬಹುದು.

ಆ ಭಾಗದಲ್ಲಿ ನಮಗೆ ಪರಿಚಯದ ಒಬ್ಬ ಹಿರಿಯ ರೈತರಿದ್ದಾರೆ. ಕಾರಿನ ತುಕ್ಕಿನ ಮಾತು ಬಂದಾಗ ಅವರು ನಕ್ಕುಬಿಟ್ಟರು. "ಫಾದರ, ನಮ್ಮಲ್ಲಿ ಕುಡಿಯಾಕ ನೀರ ಟ್ಯಾಂಕರದಾಗ ಬಂದ ದಿನಾ ಅದಾವು. ಗಾಡಿಗೆ ತುಕ್ಕ ಹಿಡಿಯೂವಷ್ಟ ನೀರ ಎಲ್ಲಿಂದ ಬರಬೇಕ್ರಿ?"

"ಕಾಕಾ, ತುಕ್ಕಿಗೆ ಟ್ಯಾಂಕರ್ ಬೇಕಾಗಿಲ್ಲ, ಒಂದು ಬೊಗಸೆ ಹಸಿಮಣ್ಣು ಸಾಕು" ಎಂದೆವು ನಾವು.

ಬರದ ನಾಡಿನಲ್ಲಿ ನೀರು ಕಡಿಮೆ, ಧೂಳು ಹೆಚ್ಚು. ಹೊಲದ ದಾರಿಯ ನುಣ್ಣನೆಯ ಧೂಳು ಒಂಬತ್ತು ತಿಂಗಳು ಚಕ್ರದ ಹಿಂದೆ, ಬಾಗಿಲ ಕೆಳ ಅಂಚಿನಲ್ಲಿ, ಹೊಸ್ತಿಲ ಕಿಂಡಿಯಲ್ಲಿ ಕೂರುತ್ತದೆ. ಆಮೇಲೆ ಉತ್ತರಿ, ಹಸ್ತ, ಚಿತ್ತಿ ಮಳೆಗಳು ಬರುತ್ತವೆ. ನಾಲ್ಕು ಸಲ ಜೋರಾಗಿ ಹೊಡೆದರೆ ಸಾಕು, ಧೂಳು ಕೆಸರಾಗಿ, ಕೆಸರು ಬಿರಡೆಯಾಗಿ ಕಿಂಡಿ ಮುಚ್ಚಿಹೋಗುತ್ತದೆ. ಮೇಲೆ ಬಿಸಿಲು, ಒಳಗೆ ತೇವ. ಕರಾವಳಿಯ ಕಾರನ್ನು ಮಳೆ ಪದೇ ಪದೇ ತೊಳೆಯುತ್ತದೆ, ಕಿಂಡಿ ತೆರೆದಿದ್ದರೆ ಮಣ್ಣು ಹೊರಗೆ ಹೋಗುತ್ತದೆ. ಒಣನಾಡಿನಲ್ಲಿ ಹೊಕ್ಕ ಮಣ್ಣು ಹೊರಗೆ ಬರುವುದೇ ಇಲ್ಲ. ಅದರ ಮೇಲೆ ಬೋರ್‌ವೆಲ್ಲಿನ ಸವಳು ನೀರಿನಲ್ಲಿ ತೊಳೆದರೆ ನೀರು ಆರಿದ ಮೇಲೂ ಉಪ್ಪು ಉಳಿಯುತ್ತದೆ. ಗಾಳಿಯ ತೇವಾಂಶ ಶೇ. 60 ದಾಟಿದರೆ ಬರಿಯ ಉಕ್ಕು ಬೇಗ ತುಕ್ಕು ಹಿಡಿಯತೊಡಗುತ್ತದೆ. ಉಪ್ಪು ಇದ್ದಲ್ಲಿ ಅಷ್ಟೂ ಬೇಡ, ಉಪ್ಪೇ ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ.

ಮೈಲುತುತ್ತ ಕಲಿಸಿದ ಪಾಠ

ಕಾಕಾನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಆಗ ನಾವು ಅವರ ದ್ರಾಕ್ಷಿ ತೋಟದ ಮಾತನ್ನೇ ಎತ್ತಿದೆವು. ಜತ್ತ ಸೀಮೆಯಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಬಹಳ. ಎಲೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಅವರಿಗೆ ಹೊಸದಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ಕದಡಿ ಕೂಡಿಸಿದ ಮೇಲೆ ರೈತ ಒಂದು ಪರೀಕ್ಷೆ ಮಾಡುತ್ತಾನೆ. ಉಜ್ಜಿದ ಕುಡಗೋಲಿನ ಅಲಗನ್ನೋ ಬ್ಲೇಡನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾನೆ. ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣ ಬೆರೆಸಬೇಕು. ಮಲೆನಾಡಿನ ಅಡಕೆ ಬೆಳೆಗಾರರಿಗೂ ಈ ಪರೀಕ್ಷೆ ಗೊತ್ತು, ಕೊಳೆರೋಗಕ್ಕೆ ಅವರು ಹೊಡೆಯುವುದೂ ಇದೇ ಔಷಧ.

ಅಲಗಿನ ಮೇಲೆ ತಾಮ್ರ ಕೂತಿತು ಎಂದರೆ ಅಷ್ಟು ಕಬ್ಬಿಣ ಕರಗಿಹೋಯಿತು ಎಂದೇ ಅರ್ಥ. "ಕಾಕಾ, ಆ ಮೈಲುತುತ್ತದ ಚೀಲವನ್ನು ಜತ್ತದ ಅಂಗಡಿಯಿಂದ ಯಾವುದರಲ್ಲಿ ತರುತ್ತೀರಿ?" ಎಂದು ಕೇಳಿದೆವು. ಕಾಕಾ ಉತ್ತರ ಕೊಡದೆ ಎದ್ದು ಹೋಗಿ, ಕಾರಿನ ಹಿಂಬಾಗಿಲು ತೆರೆದು ಮ್ಯಾಟ್ ಎತ್ತಿದರು. ನೀಲಿ ಹರಳುಗಳು ಅಲ್ಲಿದ್ದವು. ಜೊತೆಗೆ ಪೊಟ್ಯಾಶ್ ಗೊಬ್ಬರದ ಕೆಂಪು ಹರಳುಗಳೂ ಇದ್ದವು. ಪೊಟ್ಯಾಶ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಸಮುದ್ರ ನೂರಾರು ಕಿಲೋಮೀಟರ್ ದೂರವಿದ್ದರೂ ಸಮುದ್ರದ ಗುಣ ಚೀಲದಲ್ಲಿ ಮನೆಗೆ ಬಂದಿತ್ತು. ಕರಾವಳಿಯಲ್ಲಿ ಇದೇ ಕೆಲಸವನ್ನು ಡಿಕ್ಕಿಯಲ್ಲಿಟ್ಟ ಮೀನಿನ ಬುಟ್ಟಿಯ ನೀರು ಮಾಡುತ್ತದೆ.

ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಸಂಪತ್ತನ್ನು ಹಾಳುಮಾಡುವ ಸಂಗತಿಗಳ ಮಾತು ಬರುತ್ತದೆ. ಅಲ್ಲಿ ಅನೇಕ ಭಾಷೆಗಳವರು ತುಕ್ಕು ಎಂದು ಅನುವಾದಿಸಿರುವ ಮೂಲ ಗ್ರೀಕ್ ಪದ ಬ್ರೋಸಿಸ್. ಅದರ ನೇರ ಅರ್ಥ 'ತಿನ್ನುವುದು'. ಗುರುಮಠದಲ್ಲಿ ಇದನ್ನು ಓದುವಾಗ ಅದೊಂದು ವ್ಯಾಕರಣದ ವಿಷಯವಾಗಿತ್ತು. ತಿಂದುಹೋದ ತಗಡನ್ನು ಕೈಯಲ್ಲಿ ಹಿಡಿದ ಮೇಲೆ ಆ ಪದ ಎಷ್ಟು ಸರಿಯೆಂದು ತಿಳಿಯಿತು.

ಜಾಕ್ ಒಳಗೆ ಇಳಿಯಿತು

ಆ ತಗಡನ್ನು ಕಂಡದ್ದು ಹೀಗೆ. ಅದೇ ಸೀಮೆಯ ಒಬ್ಬ ಯುವಕ ತಾಯಿಯನ್ನು ಮಿರಜದ ಆಸ್ಪತ್ರೆಗೆ ಆಗಾಗ ಕರೆದುಕೊಂಡು ಹೋಗಬೇಕಾಗಿತ್ತು. ಬಸ್ಸಿನಲ್ಲಿ ಆಕೆಗೆ ಆಗುತ್ತಿರಲಿಲ್ಲ. ಕರಾವಳಿಯ ಕಡೆಯಿಂದ ಬಂದ, ಹನ್ನೊಂದು ವರ್ಷ ಓಡಿದ ಕಾರನ್ನು ಅವನು ಮಧ್ಯವರ್ತಿಯೊಬ್ಬನಿಂದ ಕೊಂಡ. ಹೊಸ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಎಂಜಿನ್ ಸದ್ದು ಚೆನ್ನಾಗಿತ್ತು. ನಾವು ಅವರ ಜೊತೆಗಿದ್ದ ಒಂದು ಸಂಜೆ ಜತ್ತದ ದಾರಿಯಲ್ಲಿ ಹಿಂದಿನ ಟಯರು ಪಂಕ್ಚರ್ ಆಯಿತು. ತಾಯಿಯನ್ನು ಇಳಿಸಿ, ಹೊಸ್ತಿಲ ಅಂಚಿಗೆ ಜಾಕ್ ಕೊಟ್ಟು ತಿರುಗಿಸತೊಡಗಿದ. ಗಾಡಿ ಮೇಲೇಳಲಿಲ್ಲ. ಹಪ್ಪಳ ಮುರಿದ ಹಾಗೆ ಸದ್ದಾಗಿ ಜಾಕೇ ಒಳಗೆ ಇಳಿಯಿತು. ಅವನು ಇನ್ನೂ ಗಾಡಿಯ ಅಡಿಗೆ ಕೈ ಹಾಕಿರಲಿಲ್ಲ.

ಮರುದಿನ ಮಿಸ್ತ್ರಿ ಹೊಸ್ತಿಲನ್ನು ಕೊಯ್ದು ತೆರೆದ. ಬಣ್ಣದ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ಮಡಿಚಿ ತುರುಕಿದ ಹಳೆಯ ಕಾಗದ, ಅದರ ಹಿಂದೆ ಈರುಳ್ಳಿಯಂತೆ ಪದರು ಪದರಾಗಿ ಏಳುವ ತುಕ್ಕು. ಉಕ್ಕು ತುಕ್ಕಾದಾಗ ಮೊದಲಿನ ಹಲವು ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಬೆಸೆದ ಅಂಚುಗಳನ್ನು ಅದು ಒಳಗಿನಿಂದಲೇ ಬಿರಿಸುತ್ತದೆ. ತಳದಲ್ಲಿ ಒಂದು ಮುಷ್ಟಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಮಿಸ್ತ್ರಿ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದ ನಮ್ ಕಡಿ ಮಣ್ಣಲ್ರೀ, ಸಮುದ್ರದ ಕಡೀದು" ಎಂದ. ಯಾರೋ ಎಂದೋ ಅಡಿಗೆ ದಪ್ಪಗೆ ಡಾಂಬರಿನಂಥ ಲೇಪ ಹೊಡೆಸಿದ್ದರು. ಅದು ಕಿಂಡಿಗಳನ್ನೆಲ್ಲ ಮುಚ್ಚಿತ್ತು. ನೀರು ತಡೆಯಲೆಂದು ಹಚ್ಚಿದ್ದು ನೀರನ್ನು ಒಳಗೇ ಕೂಡಿಹಾಕಿತ್ತು.

ಎರಡೂ ಪಕ್ಕದ ತಗಡು ಬದಲಿಸಲು ಆ ಮನೆಯ ಎರಡು ತಿಂಗಳ ಹಾಲಿನ ದುಡ್ಡು ಹೋಯಿತು. ಗಾಡಿ ಗ್ಯಾರೇಜಿನಲ್ಲಿದ್ದಾಗ ತಾಯಿಯ ಒಂದು ಭೇಟಿ ತಪ್ಪಿತು. ಆದರೂ ಜಾಕ್ ಇಳಿದದ್ದು ಒಳ್ಳೆಯದಾಯಿತು ಎಂದೇ ನಾವು ಹೇಳುತ್ತೇವೆ. ಅದೇ ಹೊಸ್ತಿಲು ಹೆದ್ದಾರಿಯಲ್ಲಿ ಪಕ್ಕದ ಗುದ್ದಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಕೊಡಚಾದ್ರಿಯ ಕಂಬ

ಕಬ್ಬಿಣವೆಂದ ಮೇಲೆ ತುಕ್ಕು ತಪ್ಪಿದ್ದಲ್ಲ ಎಂದು ಕೆಲವರು ಕೈಚೆಲ್ಲುತ್ತಾರೆ. ಕೊಲ್ಲೂರಿನ ಮೇಲಿನ ಕೊಡಚಾದ್ರಿ ಬೆಟ್ಟದಲ್ಲಿ ಆದಿ ಮೂಕಾಂಬಿಕೆಯ ಗುಡಿಯ ಬಳಿ ಒಂದು ಪುರಾತನ ಕಬ್ಬಿಣದ ಕಂಬವಿದೆ. ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅವರು 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಪಶ್ಚಿಮ ಘಟ್ಟದ ಅಷ್ಟು ಮಳೆಯಲ್ಲೂ ಅದು ನಿಂತಿದೆ. ದಿಲ್ಲಿಯ ಕಂಬವಂತೂ ಸುಮಾರು 1,600 ವರ್ಷಗಳಿಂದ ಬಯಲಲ್ಲಿದೆ. ದಿಲ್ಲಿಯ ಕಂಬದ ಕಬ್ಬಿಣದಲ್ಲಿರುವ ರಂಜಕ ಅದರ ಮೇಲೆ ರಕ್ಷಣೆಯ ತೆಳುಪದರ ಕಟ್ಟಿದೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಕಾರಿನ ತಗಡಿಗೆ ಆ ಭಾಗ್ಯವಿಲ್ಲ. ಆದರೆ ಕಂಬಕ್ಕಿರುವ ಇನ್ನೊಂದು ಅನುಕೂಲವನ್ನು ನಾವೂ ಕಾರಿಗೆ ಕೊಡಬಹುದು. ಕಂಬದ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ಗಾಳಿಗೆ ಮೈ ಆರುತ್ತದೆ. ನೀರು ನಿಂತು ಕೊಳೆಯುವ ಸಂದು ಅದರಲ್ಲಿ ಕಡಿಮೆ. ಬೀಳುವ ಮಳೆಗಿಂತ ನಿಲ್ಲುವ ನೀರೇ ಕಬ್ಬಿಣಕ್ಕೆ ದೊಡ್ಡ ಶತ್ರು.

ನಾವು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ, ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಚಿತ್ತಿ ಮಳೆ ಕಳೆದ ಮೇಲೆ ಒಮ್ಮೆ, ಅರ್ಧ ದಿನ ಮೀಸಲಿಟ್ಟರೆ ಸಾಕು.

1. ಕಿಂಡಿಗಳನ್ನು ಹುಡುಕಿ. ಹೊಸ್ತಿಲ ತಳದ ಬೆಸುಗೆಯ ಅಂಚಿನಲ್ಲಿ, ಬಾಗಿಲುಗಳ ಕೆಳ ಅಂಚಿನಲ್ಲಿ ಸಣ್ಣ ಸೀಳುಗಳೋ ತೂತುಗಳೋ ಇರುತ್ತವೆ. ಬೇವಿನ ಕಡ್ಡಿಯಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಮೆಲ್ಲನೆ ಬಿಡಿಸಿ. ಮೊಳೆ, ಸ್ಕ್ರೂ ಡ್ರೈವರ್ ಬೇಡ, ಬಣ್ಣ ಕಿತ್ತರೆ ತುಕ್ಕಿಗೆ ನಾವೇ ಬಾಗಿಲು ತೆರೆದಂತೆ. ದುಂಡಗಿನ ರಬ್ಬರ್ ಬಿರಡೆಗಳಿದ್ದರೆ ಅವು ಇದ್ದಲ್ಲೇ ಇರಲಿ, ಕಳೆದುಹೋಗಿದ್ದರೆ ಹೊಸದು ಹಾಕಿಸಿ.

2. ಮುಂದಿನ ಚಕ್ರದ ಹಿಂಬದಿಯನ್ನು ತೊಳೆಯಿರಿ. ಫೆಂಡರಿನ ಒಳಗೆ, ಹೊಸ್ತಿಲು ಶುರುವಾಗುವ ಮೂಲೆಯಲ್ಲಿ ಮಣ್ಣು ಗೂಡು ಕಟ್ಟಿರುತ್ತದೆ. ಒಣಗಿದ ಮಣ್ಣನ್ನು ನೆನೆಸಿ, ಪೈಪಿನ ನೀರಿನಿಂದ ಪೂರ್ತಿ ಹೊರಗೆ ಬರುವವರೆಗೆ ತೊಳೆಯಬೇಕು. ಅರ್ಧ ತೊಳೆದು ಬಿಟ್ಟರೆ ಹಸಿ ಉಳಿದು ಕೆಡುಕೇ ಹೆಚ್ಚು. ಬೋರ್ ನೀರು ಸವಳಾಗಿದ್ದರೆ ಕೊನೆಗೊಮ್ಮೆ ಒಂದೆರಡು ಬಕೆಟ್ ಸಿಹಿನೀರು ಹಾಕಿ.

3. ಆರಲು ಬಿಡಿ. ತೊಳೆದ ಮೇಲೆ ನಾಲ್ಕೂ ಬಾಗಿಲು ತೆರೆದು, ಮ್ಯಾಟುಗಳನ್ನು ತೆಗೆದು ಬಿಸಿಲಿಗೆ ಹಾಕಿ. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ. ಅದು ಹಸಿ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂತೆ.

4. ಒಳಗೆ ಮೇಣ ಹೊಡೆಸಿ. ಪೊಳ್ಳು ಜಾಗಗಳಿಗೆಂದೇ ಕ್ಯಾವಿಟಿ ವ್ಯಾಕ್ಸ್ ಎಂಬ ಮೇಣದ ದ್ರವ ಸಿಗುತ್ತದೆ. ತೆಳುವಾದ ಉದ್ದ ನಳಿಕೆಯಿಂದ ಹೊಸ್ತಿಲ ಒಳಮೈಗೆಲ್ಲ ಸಿಂಪಡಿಸುತ್ತಾರೆ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಕಾರು ಚೆನ್ನಾಗಿ ಒಣಗಿದ ಮೇಲೆ ಮಾಡಿಸಿದರೆ ಒಳ್ಳೆಯದು. ಮುಗಿದ ಮೇಲೆ ಕಿಂಡಿಗಳು ತೆರೆದಿವೆಯೇ ಎಂದು ನೀವೇ ಬಗ್ಗಿ ನೋಡಿ.

5. ಗೊಬ್ಬರ, ಮೈಲುತುತ್ತ, ಮೀನು ಇವನ್ನು ಅಂಚು ಎತ್ತರವಿರುವ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟು ತನ್ನಿ. ಚೆಲ್ಲಿದರೆ ಅಂದೇ ಗುಡಿಸಿ ಒರೆಸಿ.

ಇನ್ನು ಮಾಡಬಾರದ್ದು ಎರಡಿವೆ. ತುಕ್ಕಿನ ಮೇಲೆ, ತೇವದ ಮೇಲೆ ಅಂಡರ್ ಕೋಟಿಂಗ್ ಹೊಡೆಸುವುದು ಮೊದಲನೆಯದು. ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ ಅದು. ಹಳೆಯ ಎಂಜಿನ್ ಆಯಿಲ್ ಸುರಿಯುವುದು ಎರಡನೆಯದು. ಅದರಲ್ಲಿ ಉರಿದ ಇಂಧನದ ಆಮ್ಲಗಳಿರುತ್ತವೆ, ಅದು ರಬ್ಬರನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ನಮ್ಮದೇ ನೆಲಕ್ಕೂ ಬಾವಿಗೂ ಸೇರುತ್ತದೆ.

ಕೊಳ್ಳುವ ಮುಂಚೆ ತಟ್ಟಿ ನೋಡಿ

ಸಂತೆಯಲ್ಲಿ ಇಪ್ಪತ್ತು ರೂಪಾಯಿಯ ಗಡಿಗೆಯನ್ನು ಕೂಡ ನಮ್ಮ ತಾಯಂದಿರು ತಟ್ಟದೆ ಕೊಳ್ಳುತ್ತಿರಲಿಲ್ಲ. ಎರಡು ಲಕ್ಷದ ಹಳೆಯ ಕಾರನ್ನು ನಾವು ಬಣ್ಣ ನೋಡಿ ಕೊಳ್ಳುತ್ತೇವೆ. ಹೊಸ್ತಿಲನ್ನು ಉದ್ದಕ್ಕೂ ಬೆರಳ ಗಣ್ಣಿನಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ದಪ್ ಎನ್ನುತ್ತದೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದು ನೋಡಿ, ದಪ್ಪ ಪುಟ್ಟಿ ಇದ್ದಲ್ಲಿ ಅದು ಅಂಟುವುದಿಲ್ಲ. ಮ್ಯಾಟ್ ಎತ್ತಿ ಅಡಿಯ ಹಾಸನ್ನು ಅಂಗೈಯಿಂದ ಒತ್ತಿ, ಮೂಸಿ. ಮುಗ್ಗು ವಾಸನೆ ಬಂದರೆ ಒಳಗೆ ನೀರು ನಿಂತಿದೆ. ಜಾಕ್ ಕೊಡುವ ಜಾಗವನ್ನೂ ಹಿಂದಿನ ಚಕ್ರದ ಮುಂದಿನ ಮೂಲೆಯನ್ನೂ ಟಾರ್ಚ್ ಹಿಡಿದು ನೋಡಿ. ಅಡಿಯ ಲೇಪ ತೀರಾ ಹೊಸದಾಗಿದ್ದರೆ ಸಂತೋಷಪಡಬೇಡಿ, ಏಕೆ ಹಚ್ಚಿಸಿದ್ದು ಎಂದು ಕೇಳಿ. ನಂಬಿಕೆಯ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಮಾರುವವರಿಗೂ ಒಂದು ಮಾತು. ಪುಟ್ಟಿಯ ಹಿಂದೆ ಏನಿದೆ ಎಂದು ಗೊತ್ತಿದ್ದೂ ಹೇಳದೆ ಮಾರುವುದು ಜಾಣತನದ ವ್ಯಾಪಾರವಲ್ಲ. ಆ ಗಾಡಿಯಲ್ಲಿ ಇನ್ನೊಬ್ಬರ ತಾಯಿ ಕೂರುತ್ತಾಳೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷ ಮುಂದುವರಿಯಬಹುದು. ಎಂಜಿನ್ ಸವೆದರೆ ಬಿಚ್ಚಿ ಸರಿಮಾಡಬಹುದು, ಟಯರು ಸವೆದರೆ ಬದಲಿಸಬಹುದು. ಹೊಸ್ತಿಲು ತಿಂದುಹೋದ ಗಾಡಿಯನ್ನು ಉಳಿಸಿಕೊಳ್ಳುವುದು ಬಡವರಿಗೆ ಆಗುವ ಮಾತಲ್ಲ. ಹೊಸ ಕಾರುಗಳಲ್ಲಿ ಸತುವಿನ ಲೇಪವಿರುವ ತಗಡು ಹೆಚ್ಚಾಗಿ ಬಳಕೆಯಲ್ಲಿದೆ. ಸತುವು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಆದರೆ ಆ ಕಾವಲುಗಾರನಿಗೂ ಕೊನೆಯಿದೆ. ಕಿಂಡಿ ಕಟ್ಟಿಕೊಂಡು ಒಳಗೆ ಕೆಸರು ನಿಂತರೆ ಅದೂ ಬಹುಕಾಲ ಬಾಳದು.

ಪ್ರಿಯ ಕುಟುಂಬಗಳೇ, ಇದು ಗಂಡಸರ ಕೆಲಸ, ಗ್ಯಾರೇಜಿನ ಕೆಲಸ ಎಂದು ಬದಿಗಿಡಬೇಡಿ. ಕಡ್ಡಿ ಹಿಡಿದು ಕಿಂಡಿ ಬಿಡಿಸುವುದನ್ನು ಮಕ್ಕಳು ಆಟದಂತೆ ಕಲಿಯುತ್ತಾರೆ. ತಿಕೋಂಡಿ ಕಡೆಯ ಆ ಕಾಕಾ ಈಗ ಗೊಬ್ಬರಕ್ಕೆಂದು ಹಳೆಯ ಪ್ಲಾಸ್ಟಿಕ್ ಟಬ್ ಒಂದನ್ನು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದಾರೆ. ಕಿಂಡಿಗಳ ಜವಾಬ್ದಾರಿ ಅವರ ಮೊಮ್ಮಗಳದು. ಮುಂದಿನ ರೋಹಿಣಿ ಮಳೆ ಬರುವ ಮುಂಚೆ ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಒಂದು ಬೇವಿನ ಕಡ್ಡಿ, ಒಂದು ಟಾರ್ಚು ಹಿಡಿದು ಕಾರಿನ ಅಡಿಗೆ ಬಗ್ಗಿ ನೋಡಲಿ.